ಬಳಗ ಸಿಗದ ಗಿಡ

ಸಸ್ಯ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು ಎಂದಾಗ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಮೊಣಕಾಲುದ್ದದ ರಬ್ಬರ್ ಬೂಟು ಕೊಂಡದ್ದು. ಸಸ್ಯ ಅಂದಮೇಲೆ ತೋಟ, ತೋಟ ಅಂದಮೇಲೆ ಕೆಸರು ಎಂಬುದು ನನ್ನ ಲೆಕ್ಕಾಚಾರ. ಬೂಟು ತೊಟ್ಟು, ಅಗಲ ಅಂಚಿನ ಟೋಪಿ ಹಾಕಿಕೊಂಡು ಹೋದವನಿಗೆ ಕಂಡದ್ದು ದಪ್ಪ ಪರದೆ ಎಳೆದ ಕೋಣೆಗಳು, ಸಾಲಾಗಿ ನಿಂತ ಕಬ್ಬಿಣದ ಬೀರುಗಳು, ಮೂಗಿಗೆ ಅಡರುವ ನುಸಿಗುಳಿಗೆಯ ಘಾಟು. ಒಳಗಿದ್ದ ಗಿಡಗಳೆಲ್ಲ ಎಂದೋ ಸತ್ತು, ಒಣಗಿ, ಹಾಳೆಗೆ ಅಂಟಿ ಮಲಗಿದ್ದವು. ನೀರು ಹಾಕುವುದಿರಲಿ, ಒದ್ದೆ ಕೈಯಲ್ಲಿ ಮುಟ್ಟಿದರೂ ಬೈಗುಳ ಕಟ್ಟಿಟ್ಟದ್ದು.

"ಏನಪ್ಪಾ, ಇಲ್ಲೇನು ಮೀನು ಹಿಡಿಯೋಕೆ ಬಂದ್ಯಾ?" ಎಂದು ಕೇಳಿದವರು ದಬ್ಬಳದಕ್ಕ. ಅಂದಿನಿಂದ ನಾನು ಬೂಟು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ.

ಅಕ್ಕನದು ಹೊಲಿಯುವ ಕೆಲಸ. ಬೆಟ್ಟ ಸುತ್ತಿ ಗಿಡ ಕೂಡಿಸುವವರು ಹಳೆ ಪತ್ರಿಕೆಗಳ ನಡುವೆ ಒತ್ತಿ ಕಳಿಸಿದ್ದನ್ನು ದಪ್ಪ ಬಿಳಿ ಹಾಳೆಯ ಮೇಲೆ ಮಲಗಿಸಿ, ಕಾಂಡಕ್ಕೆ ಅಲ್ಲಲ್ಲಿ ದಾರ ಹಾಕಿ ಬಿಗಿದು, ಮೇಲೆ ಸಣ್ಣ ಕಾಗದದ ಪಟ್ಟಿ ಅಂಟಿಸಬೇಕು. ನನಗೆ ಆ ಕೆಲಸ ಕಲಿಸಿದವರೂ ಅವರೇ. ನನ್ನ ಮೊದಲ ಹಾಳೆಯಲ್ಲಿ ಗಿಡಕ್ಕಿಂತ ನನ್ನ ಅಂಗಿಯ ತೋಳೇ ಭದ್ರವಾಗಿ ಹೊಲಿಸಿಕೊಂಡಿತ್ತು. ಅದಕ್ಕೆ ನಕ್ಕರು. ಆದರೆ ಕಳಚಿ ಬಿದ್ದ ಹೂವೊಂದನ್ನು ಕಾಂಡದ ತುದಿಗೆ ಜೋಡಿಸಲು ಹೋದಾಗ ನಗಲಿಲ್ಲ, ಮಣಿಕಟ್ಟು ಹಿಡಿದರು.

"ಉದುರಿದ್ದು ಪೊಟ್ಟಣಕ್ಕೆ. ಹಾಳೆ ಮೂಲೇಲಿ ಪೊಟ್ಟಣ ಅಂಟಿಸಿರೋದು ಮತ್ತೆ ಯಾಕೆ? ಇದು ಅದರದ್ದೇ ಇರಬೇಕು ಅಂತ ಊಹೆ ಮಾಡಿ ಹೊಲಿಯೋ ಹಾಗಿಲ್ಲ."

ಅವರು ಕೂರುತ್ತಿದ್ದುದು ಲಿಲ್ಲಿ ಕೋಣೆಯಲ್ಲಿ. ಹಿಂದಿನವರು ಹೂವಿನ ಚಹರೆ ನೋಡಿ ಬಳಗ ಕಟ್ಟಿದ್ದರು. ಆರು ಎಸಳಿದೆಯೇ, ಬಾ, ಲಿಲ್ಲಿ ಮನೆಯಲ್ಲಿ ಕೂರು. ಹಾಗೆ ಈರುಳ್ಳಿ, ಬೆಳ್ಳುಳ್ಳಿ, ಲೋಳೆಸರ, ಶತಾವರಿ ಎಲ್ಲ ಒಂದೇ ಸೂರಿನಡಿ ಬಾಳುತ್ತಿದ್ದವು. ನಾನು ಸೇರುವ ಹೊತ್ತಿಗೆ ಆ ದೊಡ್ಡ ಸಂಸಾರ ಪಾಲಾಗುತ್ತಿತ್ತು. ಹೊಸದಾಗಿ ಬಂದಿದ್ದ ಸಸ್ಯವಿಜ್ಞಾನಿ ಮೇಡಂ ಎಲೆಯ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಅವುಗಳ ವಂಶವಾಹಿ ಓದಿಸುತ್ತಿದ್ದರು.

"ಯಾರು ಯಾರ ಥರ ಕಾಣ್ತಾರೆ ಅನ್ನೋದನ್ನ ಮರೆತುಬಿಡಿ," ಎನ್ನುತ್ತಿದ್ದರು ಮೇಡಂ. "ಯಾವ ಪೂರ್ವಜರಿಂದ ಯಾವ ಕವಲು ಒಡೀತು, ಅದು ಮುಖ್ಯ. ಒಂದೇ ಕವಲಿನವರು ಮಾತ್ರ ಒಂದೇ ಬೀರುವಿನಲ್ಲಿರಬೇಕು."

"ಹೌದು ಮತ್ತೆ," ಎಂದು ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತಿದ್ದರು. "ಅತ್ತಿಗೆ ನಾದಿನಿ ಒಂದೇ ಥರ ಬಟ್ಟೆ ಹಾಕ್ಕೊಂಡ್ರೆ ಒಡಹುಟ್ಟಿದವರಾಗ್ತಾರಾ?"

ಈರುಳ್ಳಿ ಬಳಗ ಮಹಡಿಗೆ ಹೋಯಿತು. ಶತಾವರಿ ಪಕ್ಕದ ಕೋಣೆಗೆ. ಹೊತ್ತವನು ನಾನು, ಬೆನ್ನು ನೋವೂ ನನ್ನದೇ. ಖಾಲಿಯಾದ ಬೀರುಗಳ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಯಾರೂ ಮುಟ್ಟದೆ ಮೆಲ್ಲಗೆ ತೆರೆದುಕೊಳ್ಳುತ್ತಿದ್ದವು, ಒಳಗಿನವರು ಯಾರೋ ಹೊರಗೆ ಇಣುಕುವ ಹಾಗೆ. ಹಾಡಹಗಲಲ್ಲೇ ನಾನು ಸಿಳ್ಳೆ ಹಾಕುತ್ತ ಓಡಾಡುತ್ತಿದ್ದೆ. ಪ್ರತಿ ಸಲ ಬಾಗಿಲು ಕಿರುಗುಟ್ಟಿದಾಗ ಅಕ್ಕ ಮಾತ್ರ ಸೂಜಿ ನಿಲ್ಲಿಸಿ ಆ ಕಡೆ ನೋಡುತ್ತಿದ್ದರು. ಅದು ಹೆದರಿಕೆಯ ನೋಟವಲ್ಲ. ಬಂದೆಯಾ ಎಂದು ಕೇಳುವ ನೋಟ.

ಆ ನೋಟಕ್ಕೆ ಕಾರಣ ಅವರ ತಮ್ಮ. ಅವನೂ ಇಲ್ಲಿಗೇ ಗಿಡ ತರುತ್ತಿದ್ದ ದಿನಗೂಲಿಯವನು. ಬಹಳ ವರ್ಷಗಳ ಹಿಂದೆ ಉತ್ತರದ ಎತ್ತರದ ಇಳಿಜಾರಿಗೆ ಹೋದವನು ಒಂದು ಕಟ್ಟು ಗಿಡಗಳನ್ನು ಹಾಲಿನ ಲಾರಿಯಲ್ಲಿ ಕೆಳಗೆ ಕಳಿಸಿ, ತಾನು ನಾಳೆ ಇಳಿಯುತ್ತೇನೆಂದು ಹೇಳಿ ಕಳಿಸಿದ್ದ. ಕಟ್ಟು ಬಂತು. ಅವನು ಬರಲಿಲ್ಲ. ಪೊಲೀಸರು ರಸ್ತೆಯವರೆಗೆ ಹೋಗಿ, "ಬೇರೆ ಕೆಲಸ ಸಿಕ್ಕಿರಬೇಕು, ಬರ್ತಾನೆ ಬಿಡಮ್ಮ," ಎಂದರು. ಕಚೇರಿಯವರು ಕೂಲಿಯವನ ಜಾಗಕ್ಕೆ ಇನ್ನೊಬ್ಬ ಕೂಲಿಯವನನ್ನು ತಂದುಕೊಂಡರು. ಕಟ್ಟನ್ನು ಬಿಚ್ಚಿ ಹೊಲಿಯುವ ಕೆಲಸ ಅಕ್ಕನದಾಯಿತು.

ಅದರಲ್ಲಿದ್ದ ಒಂದು ಗಿಡವೇ ಎಲ್ಲರ ತಲೆ ಕೆಡಿಸಿತ್ತು. ಹೂವು ನೋಡಿದರೆ ಲಿಲ್ಲಿ ಮನೆಯದು. ಎಲೆ ನೋಡಿದರೆ ಮುಟ್ಟಿದವರ ಬೆರಳು ಕೊಯ್ಯುವಂಥದು, ಕಾಂಡಕ್ಕೆ ಮೂರು ಮೂಲೆ. ಲಿಲ್ಲಿ ಕೋಣೆಯ ಕೊನೆಯ ಬೀರುವಿನಲ್ಲಿ, ನೆಲೆ ಗೊತ್ತಿಲ್ಲದವುಗಳಿಗೆಂದು ಇಟ್ಟ ರಟ್ಟಿನ ಮಡಿಕೆಯಲ್ಲಿ ಅದು ಮಲಗಿತು. ಹೊಸ ಗಿಡವೊಂದು ಸಿಕ್ಕೀತೆಂಬ ಆಸೆಗೆ ಹಿಂದಿನ ಮುಖ್ಯಸ್ಥರು ಮೂರು ಸಲ ಆ ಇಳಿಜಾರಿಗೆ ತಂಡ ಕಳಿಸಿದರು. ಹೋದವರು ಪೊದೆ ಪೊದೆ ಕೆದಕಿದರು, ಕೊರಕಲುಗಳಿಗೆ ಹಗ್ಗ ಬಿಟ್ಟು ಇಳಿದರು, ಬರಿಗೈಯಲ್ಲಿ ಬಂದರು. ಪ್ರತಿ ಸಲವೂ ಅಕ್ಕ ಗೇಟಿನ ಬಳಿ ಕಾಯುತ್ತಿದ್ದರಂತೆ. "ಏನಾದ್ರೂ ಸಿಕ್ತಾ?" ಎಂದು ಕೇಳುತ್ತಿದ್ದರಂತೆ. ಎಲ್ಲರೂ ಇಳಿದು ಹೋದ ಮೇಲೂ ವ್ಯಾನಿನೊಳಗೆ ತಲೆ ಹಾಕಿ ಹಿಂದಿನ ಸೀಟಿನವರೆಗೆ ನೋಡುತ್ತಿದ್ದರಂತೆ.

ಈಗ ಮೇಡಂ ನಾಲ್ಕನೇ ತಂಡ ಕಳಿಸುವವರಿದ್ದರು. ಅದಕ್ಕೆ ಮೊದಲು ಎಲೆಯ ಪರೀಕ್ಷೆಯಾಗಬೇಕು, ಗಿಡದ ನೆಂಟರು ಯಾರೆಂದು ತಿಳಿದರೆ ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ. ತಂಡದಲ್ಲಿ ನಾನೂ ಇದ್ದೆ. ಕಡೆಗೂ ನನ್ನ ಬೂಟಿಗೊಂದು ಮರ್ಯಾದೆ. ಆದರೆ ಅಕ್ಕನ ಮುಖ ಬಿಳುಚಿಕೊಂಡಿತ್ತು.

"ಕತ್ತರಿಸಲೇಬೇಕಾ? ಇರೋದು ಒಂದೇ ಹಾಳೆ."

"ಕಡಲೆಕಾಳಿನಷ್ಟು ಚೂರು ಸಾಕು ಅಕ್ಕಾ."

"ಪರೀಕ್ಷೆ ಆಮೇಲೆ ಮಾಡ್ಲಿ. ಮೊದಲು ಹೋಗಿ ಬನ್ನಿ."

ಮೇಡಂ ಒಪ್ಪಲಿಲ್ಲ. ಕತ್ತರಿ ನನ್ನ ಕೈಗೆ ಬಂತು. ಎಲೆಯ ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದಿದ್ದೆ, ಅಷ್ಟರಲ್ಲಿ ಸೀನಿದೆ. ಚೂರು ಮಾಯ. ಎರಡನೇ ಸಲ ಎಲೆ ಕತ್ತರಿಸಿದರೆ ಮೇಡಂ ನನ್ನನ್ನೇ ಕತ್ತರಿಸುತ್ತಾರೆಂದು ಹೆದರಿ, ಹಾಳೆಯ ಮೂಲೆಯ ಪೊಟ್ಟಣದಲ್ಲಿದ್ದ ಹೂವಿನ ಒಣ ಎಸಳೊಂದನ್ನು ನಳಿಕೆಗೆ ಹಾಕಿದೆ. ಆಮೇಲೆ ನೋಡಿದರೆ ಎಲೆಯ ಚೂರು ನನ್ನ ತೋಳಿಗೇ ಅಂಟಿತ್ತು. ಅದನ್ನೂ ಇನ್ನೊಂದು ನಳಿಕೆಗೆ ಹಾಕಿದೆ. ಒಂದೇ ಗಿಡ ತಾನೆ, ಇರಲಿ ಎಂದು ಎರಡನ್ನೂ ಕಳಿಸಿದೆ.

ಕೆಲವು ವಾರಗಳ ಮೇಲೆ ಮೇಡಂ ಕರೆದರು. "ಏನ್ರೀ ಬೂಟು, ಯಾವ್ಯಾವ ಗಿಡ ಬೆರೆಸಿ ಕಳಿಸಿದ್ದೀರಿ? ಒಂದು ನಳಿಕೆ ಈರುಳ್ಳಿ ಬಳಗ ಅಂತಿದೆ, ಇನ್ನೊಂದು ಜೊಂಡು ಹುಲ್ಲಿನ ಬಳಗ ಅಂತಿದೆ!"

ನಾನು ಸೀನಿನಿಂದ ಶುರುಮಾಡಿ ಎಲ್ಲ ಹೇಳಿದೆ. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಹಾಳೆ ತರಿಸಿದರು. ಕಾಂಡದ ನಡುವೆ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಒದ್ದೆ ಹತ್ತಿಯಿಂದ ನೆನೆಸಿ ಎಬ್ಬಿಸಿದರು. ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಪಟ್ಟಿಯ ಕೆಳಗೆ ಜೊಂಡಿನ ಕಾಂಡ ಮುಗಿದಿತ್ತು. ಅಲ್ಲಿಂದಲೇ ಬೇರೊಂದು ಗಿಡದ ಹೂವಿನ ಕಡ್ಡಿ ಶುರುವಾಗಿತ್ತು. ಎರಡನ್ನೂ ಓರೆಯಾಗಿ ಸೀಳಿ, ಒಂದರೊಳಗೊಂದು ಕೂರಿಸಿ, ಕೂದಲಿನಂಥ ದಾರದಲ್ಲಿ ಹೊಲಿದಿತ್ತು. ಅಂಥ ಹೊಲಿಗೆ ಈ ಕಟ್ಟಡದಲ್ಲಿ ಒಬ್ಬರಿಗೇ ಬರುವುದು.

ಮೇಡಂ ತುಂಬ ಹೊತ್ತು ಕನ್ನಡಕ ಒರೆಸಿದರು. "ಇಲ್ಲದ ಗಿಡ ಹುಡುಕೋಕೆ ಯಾರನ್ನ ಕಳಿಸಲಿ? ತಂಡ ರದ್ದು ಅಂತ ನೀವೇ ಹೇಳಿಬಿಡಿ. ನನ್ನ ಕೈಲಾಗಲ್ಲ."

ಲಿಲ್ಲಿ ಕೋಣೆಯಲ್ಲಿ ಆಗ ಉಳಿದಿದ್ದುದು ಅಕ್ಕನ ಮೇಜು ಮತ್ತು ಬಾಯಿ ತೆರೆದ ಬೀರುಗಳು. ತಂಡ ಹೋಗುವುದಿಲ್ಲವೆಂದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. ದಾರ ಮಾತ್ರ ಸೂಜಿಯ ಕಣ್ಣಿನೊಳಗೆ ಹೋಗುತ್ತಿರಲಿಲ್ಲ. ಹಿಂದೆ ಒಂದು ಬಾಗಿಲು ಕಿರುಗುಟ್ಟಿತು. ಈ ಸಲ ಅವರು ತಿರುಗಿ ನೋಡಲಿಲ್ಲ, ನಾನು ನೋಡಿದೆ. ಒಳಗೆ ಏನೂ ಇರಲಿಲ್ಲ. ಕೇಳಬಾರದಿತ್ತು, ನಾಲಿಗೆ ಕೇಳಿಯೇಬಿಟ್ಟಿತು.

"ಅಕ್ಕಾ, ಪಟ್ಟಿ ಕೆಳಗಿನ ಆ ಹೊಲಿಗೆ ತಪ್ಪಿ ಆಗಿದ್ದಾ, ಇಲ್ಲಾ ಗೊತ್ತಿದ್ದೇ ಹೊಲಿದ್ರಾ?"

"ಗೊತ್ತಿದ್ದೇ ಹೊಲಿದೆ ಕಣೋ. ನನ್ನ ತಮ್ಮನ್ನ ಹುಡುಕಿ ಅಂದ್ರೆ ಒಬ್ಬನೂ ಆ ಇಳಿಜಾರು ಹತ್ತಲಿಲ್ಲ. ಹೂವು ಅಂದೆ ನೋಡು, ಮೂರು ಸಲ ವ್ಯಾನು ಕಳಿಸಿದ್ರು."