ನಿನ್ನೆ ನಿಂತ ಕಡೆ ಇವತ್ತು ನಿಲ್ಲಲಿಲ್ಲ

ಆ ಕಂಪ್ಯೂಟರು ನಮ್ಮ ಮನೆಗೆ ಬಂದದ್ದು ಆಟೋದಲ್ಲಿ, ಹಳೆಯ ಬೆಡ್‌ಶೀಟು ಸುತ್ತಿಕೊಂಡು. ರಾಮನಗರದ ಹೆದ್ದಾರಿಯ ಪಕ್ಕದ ಹಿಪ್ಪುನೇರಳೆ ತೋಟಗಳಲ್ಲಿ ಒಂದೊಂದಾಗಿ ಶೀಟಿನ ಶೆಡ್ಡುಗಳು ಏಳುತ್ತಿದ್ದ ವರ್ಷಗಳು ಅವು. ನಮ್ಮ ಮನೆಯವರು ಕೂಟಗಲ್ ಕಡೆಯ ಒಂದು ರೇಷ್ಮೆ ಫ್ಯಾಕ್ಟರಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಮಾಲೀಕರು ಹೊರದೇಶದಿಂದ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ತರಿಸಿದಾಗ ಅದರ ಜೊತೆಗೇ ಬಂದದ್ದು ಈ ಬೂದುಬಣ್ಣದ ಪೆಟ್ಟಿಗೆ. ಗೂಡು ಬೇಯಿಸುವ ತೊಟ್ಟಿಗೆ ಯಾವಾಗ, ಎಷ್ಟು ಹಬೆ ಬಿಡಬೇಕು ಎನ್ನುವುದನ್ನು ಅದೇ ನಿರ್ಧರಿಸುತ್ತಿತ್ತು.

ತೊಟ್ಟಿಯ ಮುಂದೆ ನಿಂತು ಜರಡಿಯಲ್ಲಿ ಗೂಡು ತಿರುವುತ್ತಿದ್ದವಳು ನಮ್ಮ ಪಕ್ಕದ ವಠಾರದ ಹೆಂಗಸು. ಒಂದು ಮಧ್ಯಾಹ್ನ ಊಟದ ಹೊತ್ತಿಗೇ ಮನೆಗೆ ಬಂದು ನನಗೆ ಕೈ ತೋರಿಸಿದಳು. ಮೊಣಕೈಯಿಂದ ಬಳೆಯವರೆಗೆ ಸಣ್ಣ ಸಣ್ಣ ಬೊಬ್ಬೆಗಳು, ಎಣ್ಣೆ ಸಿಡಿದ ಹಾಗೆ.

"ಹಬೆ ತಾನಾಗೇ ಬಂದ್ಬುಡ್ತು ಕಣಕ್ಕಾ. ಯಾರೂ ಬುಟ್ಟಿಲ್ಲ. ಸೆರಗು ಜಾರ್ತು ಅಂತ ಕೈ ತೆಗ್ದೆ, ಅಷ್ಟ್ರಲ್ಲಿ ನೀರು ಹಂಗೇ ಎಗರ್ತು. ಸೆರಗು ಜಾರ್ದೆ ಇದ್ದಿದ್ರೆ ಎರಡು ಕೈನೂ ಬೆಂದೋಗವು."

ನಾನು ಬರ್ನಾಲ್ ಹಚ್ಚಿದೆ. ಅವಳು ಬೊಬ್ಬೆಗಳನ್ನು ಬೇರೆ ಯಾರದ್ದೋ ಕೈಯಲ್ಲಿರುವಂತೆ ನೋಡುತ್ತಿದ್ದಳು.

ಯಂತ್ರ ನಿಲ್ಲಿಸಿದರು. ಆದರೆ ಮಾಲೀಕರು ಅಷ್ಟರಲ್ಲೇ ಮಾರುಕಟ್ಟೆಯಿಂದ ಗೂಡು ತಂದು ಸುರಿಸಿಬಿಟ್ಟಿದ್ದರು. ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ. ಸೋಮವಾರ ಯಂತ್ರ ಓಡಲೇಬೇಕು ಎಂದರು. ಓಡಿದರೆ ತೊಟ್ಟಿಯ ಮುಂದೆ ನಿಲ್ಲುವವಳು ಮತ್ತೆ ಅವಳೇ.

ತಪ್ಪು ಪ್ರೋಗ್ರಾಮಿನಲ್ಲೇ ಇರಬೇಕು ಎಂದು ನಮ್ಮವರು ಲೆಕ್ಕ ಹಾಕಿದ್ದರು. ಅದನ್ನು ಹುಡುಕಲು ಡೀಬಗ್ಗರ್ ಬೇಕು; ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸಿ ಒಳಗೆ ಏನಾಗುತ್ತಿದೆ ಎಂದು ತೋರಿಸುವ ಇನ್ನೊಂದು ಪ್ರೋಗ್ರಾಮು. ಎಲ್ಲರ ಮನೆಯ ಕಂಪ್ಯೂಟರಿಗಾದರೆ ಅದು ಸಿದ್ಧವಾಗಿ ಸಿಗುತ್ತದಂತೆ. ಈ ಪೆಟ್ಟಿಗೆಯ ಪ್ರೊಸೆಸರೇ ಬೇರೆ ಜಾತಿಯದು, ನಮ್ಮ ಕಡೆ ಯಾರೂ ಕಂಡಿರದಂಥದ್ದು. ಡೀಬಗ್ಗರಿನ ಮೂಲ ಬರಹವನ್ನು ಸಿ.ಡಿ.ಯಲ್ಲಿ ತಂದು, ಇದರೊಳಗೇ ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಈ ಪೆಟ್ಟಿಗೆಗೆ ಅರ್ಥವಾಗುವ ಭಾಷೆಗೆ ಇಳಿಸಿಕೊಳ್ಳಬೇಕು. ಅದಕ್ಕೆ ಐದಾರು ಗಂಟೆ ಹಿಡಿಯುತ್ತಿತ್ತು. ಹಗಲು ಅವರಿಗೆ ಬಾಯ್ಲರಿನ ಕೆಲಸ. ಹಾಗಾಗಿ ಪೆಟ್ಟಿಗೆ ನಮ್ಮ ಊಟದ ಮೇಜಿನ ಮೇಲೆ ಕೂತಿತು, ಕಾವಲಿಗೆ ನಾನು.

"ನಿಂತುಹೋದರೆ ಕೊನೆಯ ನಾಲ್ಕು ಸಾಲು ಇದ್ದ ಹಾಗೇ ಬರೆದಿಡು. ಆಮೇಲೆ ಮತ್ತೆ ಮೇಕ್ ಅಂತ ಹೊಡೆದು ಎಂಟರ್ ಒತ್ತು."

"ಅರ್ಥ ಆಗದಿದ್ದರೆ?"

"ಅರ್ಥ ನಾನು ಮಾಡ್ಕೋತೀನಿ. ನೀನು ಸ್ಪೆಲ್ಲಿಂಗ್ ನೋಡ್ಕೋ, ಕಾನ್ವೆಂಟ್‌ನವಳು."

ಕಾನ್ವೆಂಟಿನಲ್ಲಿ ಸಿಸ್ಟರು ಡಿಕ್ಟೇಷನ್ ಕೊಟ್ಟರೆ ಒಂದು ಅಲ್ಪವಿರಾಮವನ್ನೂ ಬಿಡುವಂತಿರಲಿಲ್ಲ. ಆ ಭಯ ನನ್ನ ಬೆರಳಿನಲ್ಲಿ ಇನ್ನೂ ಇತ್ತು. ಮಗಳ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ.

ಮೊದಲ ದಿನದ ಎರರುಗಳು ಒಂಥರಾ ಮರ್ಯಾದಸ್ಥ ಎರರುಗಳು. 'ಟರ್ಮ್‌ಕ್ಯಾಪ್ ಲೈಬ್ರರಿ ಸಿಗಲಿಲ್ಲ' ಎಂದಿತು. ಸಂಜೆ ಅವರು ಬಂದು ಹುಡುಕಿ ಹಾಕಿದರು. 'ಮೇಕ್‌ಇನ್‌ಫೋ ಇಲ್ಲ' ಎಂದಿತು. ಅದು ಡೀಬಗ್ಗರಿನ ಕೈಪಿಡಿ ಪುಸ್ತಕ ತಯಾರಿಸಲಿಕ್ಕಷ್ಟೇ, ಆ ಕೆಲಸವನ್ನೇ ಬಿಟ್ಟು ಮುಂದೆ ಹೋಗು ಎಂದು ಹೇಳಿಕೊಟ್ಟರು. ಇದಿಲ್ಲ, ಅದಿಲ್ಲ ಎಂದು ಬಾಯಿಬಿಟ್ಟು ಕೇಳುವ ಯಂತ್ರವನ್ನು ಕಂಡರೆ ಹೆದರಿಕೆಯಾಗುವುದಿಲ್ಲ.

ಎರಡನೆಯ ದಿನ ಅದು ಏನನ್ನೂ ಕೇಳಲಿಲ್ಲ. ಸಾಲುಗಳು ಸರಸರ ಮೇಲೇರುತ್ತಿದ್ದವು, ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ಫ್ಯಾನಿನ ಸದ್ದು ಬದಲಾದಂತಾಗಿ ತಲೆಯೆತ್ತಿದೆ. 'ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಷನ್ ಫಾಲ್ಟ್' ಎಂದು ನಿಂತಿತ್ತು. ಬರೆದುಕೊಂಡು ಮತ್ತೆ ಹೊಡೆದೆ. ಮುಂದೆ ಹೋಗಿ ಇನ್ನೊಂದು ಕಡೆ ಅದೇ ಮಾತು ಹೇಳಿ ನಿಂತಿತು.

ವಠಾರದವಳು ಕೆಲಸವಿಲ್ಲದೆ ನಮ್ಮಲ್ಲೇ ಬಂದು ಕೂರುತ್ತಿದ್ದಳು. "ಏನಕ್ಕಾ ಇದು, ಬಗ್ಗಡನಾ?" ಎಂದಳು ಮೂರನೆಯ ದಿನ.

"ಬಗ್ಗಡ ಅಲ್ಲ ಕಣಮ್ಮ, ಡೀಬಗ್ಗರ್."

"ಅದೇಯಾ. ಬಗ್ಗಡ ತೆಗ್ಯೋದು ತಾನೆ? ನಮ್ ತೊಟ್ಟಿ ನೀರು ಬಗ್ಗಡ ಆದ್ರೆ ಒಂದೇ ಬಕೀಟು ತಣ್ಣೀರು ಸಾಕು. ನಿಮ್ದು ಮೂರು ದಿನದಿಂದ ಕೂಡಿಸ್ಕಂಡು ಪೂಜೆ ಮಾಡ್ತಿದ್ದೀರಿ."

ನಗು ಬಂತು. ಆದರೆ ಅವಳ ಕಣ್ಣು ಪರದೆಯ ಮೇಲೇ ಇತ್ತು. ಸಾಲು ನಿಂತಾಗಲೆಲ್ಲ ಅವಳ ಕೈ ತಾನಾಗಿ ಮಡಿಲೊಳಕ್ಕೆ ಸರಿಯುತ್ತಿತ್ತು.

ಶುಕ್ರವಾರ ಸಂಜೆ ನಮ್ಮವರು ನೋಟ್‌ಬುಕ್ಕು ತಿರುವಿ, "ಈ ಫೈಲಲ್ಲಿ ಏನೋ ತಪ್ಪಿದೆ. ಇದನ್ನೇ ತಿದ್ದಬೇಕು," ಎಂದು ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ರೀ, ಅಲ್ಲಿ ಇವತ್ತು ನಿಲ್ಲಲಿಲ್ಲವಲ್ಲ. ನಿನ್ನೆ ನಿಂತ ಕಡೆ ಇವತ್ತು ಸುಮ್ಮನೆ ದಾಟಿಹೋಯಿತು. ಒಂದು ಸಲ ನಿಂತ ಕಡೆ ಇನ್ನೊಂದು ಸಲ ನಿಂತೇ ಇಲ್ಲ, ನೋಡಿ."

ಅವರು ಒಂದೊಂದೇ ಹಾಳೆ ಹಿಂದಕ್ಕೆ ತಿರುವಿದರು. ಹನ್ನೊಂದು ಸಲ ನಿಂತಿತ್ತು, ಹನ್ನೊಂದು ಬೇರೆ ಬೇರೆ ಜಾಗದಲ್ಲಿ. ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿಗಿಟ್ಟರು, ಕುಡಿಯಲಿಲ್ಲ.

"ಬರಹದಲ್ಲಿ ತಪ್ಪಿದ್ರೆ ಪ್ರತಿ ಸಲ ಒಂದೇ ಕಡೆ ನಿಲ್ಲಬೇಕು ಕಣೇ. ಇದು ಬರಹದ ತಪ್ಪಲ್ಲ. ಪೆಟ್ಟಿಗೆಗೇ ಮರೆವು. ಮೆಮೊರಿಯಲ್ಲಿ ಒಂದು ಇಟ್ಕೊಂಡು ಇನ್ನೊಂದು ತೆಗೀತಾ ಇದೆ. ಹಬೆ ಮುಚ್ಚು ಅಂತ ಇಟ್ಟಿದ್ದನ್ನ ಬಿಡು ಅಂತ ಓದ್ಕೊಂಡಿದೆ."

ಮೂರು ದಿನದಿಂದ ಅದರ ಪಕ್ಕದಲ್ಲೇ ಊಟ ಮಾಡಿದ್ದೆವು. ನನಗೆ ಆ ಫ್ಯಾನಿನ ಸದ್ದು ಅಂದಿನಿಂದ ಬೇರೆಯಾಗಿ ಕೇಳಿಸತೊಡಗಿತು.

ಶನಿವಾರ ಬೆಳಿಗ್ಗೆ ರಜೆ ಹಾಕಿ ಪೆಟ್ಟಿಗೆ ಬಿಚ್ಚಿದರು. ಮೇಲಿನ ಗಾಳಿಕಿಂಡಿಗಳ ಕೆಳಗೆ, ಮೆಮೊರಿ ಕಾರ್ಡುಗಳ ನೆತ್ತಿಯಿಂದ ಬುಡದವರೆಗೆ, ಒಣಗಿದ ಕೆಂಪು ಗೆರೆಗಳು ಇಳಿದಿದ್ದವು. ಬುಡದ ಚಿನ್ನದ ಬಣ್ಣದ ಹಲ್ಲುಗಳಿಗೆ ಹಸಿರು ಕಿಲುಬು. ನಾನು ಬೆರಳಿಂದ ಮುಟ್ಟಿ ಮೂಸಿದೆ. ಅರಿಶಿನದ ವಾಸನೆ.

ಬಾಗಿಲಲ್ಲಿ ನಿಂತಿದ್ದ ವಠಾರದವಳ ಮುಖ ಬಿಳಿಚಿಕೊಂಡಿತು. "ಅದು ನಾನೇ ಕಣಕ್ಕಾ. ಆಯುಧಪೂಜೆ ದಿನ. ಮುತ್ತೈದೆ ಕೈಲಿ ಇಡ್ಸಿ ಅಂದ್ರು ಸಾವ್ಕಾರ್ರು. ಎಲ್ಲಾ ಮಿಷನ್ಗೂ ಒಂದೊಂದು ಬೊಟ್ಟು ಇಟ್ಟೆ. ಇದು ಎಲ್ರಿಗೂ ಯಜಮಾನ ಅಲ್ವಾ ಅಂತ, ಕುಂಕುಮ ಒಸಿ ನೀರ್ಮಾಡಿ ಮೂರು ಇಟ್ಟೆ. ಮಾವಿನೆಲೇಲಿ ತೀರ್ಥ ಬೇರೆ ಚಿಮುಕಿಸ್ದೆ. ಕಾಪಾಡಪ್ಪಾ ಅಂತಾನೂ ಅಂದೆ."

"ಬಿಡಮ್ಮ," ಎಂದರು ನಮ್ಮವರು, ತಲೆಯೆತ್ತದೆ. "ಮೇಲೆ ತೂತಿರೋದು ನನಗೆ ಗೊತ್ತಿತ್ತು. ನಾನು ಅಲ್ಲೇ ಇದ್ದೆ. ಪೂಜೆ ಹೊತ್ತಲ್ಲಿ ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಮಗಳ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿದರು. ಕೆಲವು ಹೊಳೆದವು, ಕೆಲವನ್ನು ಕಿಲುಬು ತಿಂದೇಬಿಟ್ಟಿತ್ತು. ಅಂಥ ಕಾರ್ಡಿಗಾಗಿ ಬೆಂಗಳೂರಿನ ಅಂಗಡಿಗಳಿಗೆ ಫೋನು ಮಾಡಿದರೆ, ಆ ಹೆಸರೇ ಕೇಳಿಲ್ಲ ಎಂದರು. ಮತ್ತೆ ಜೋಡಿಸಿ ಕಂಪೈಲ್ ಹಚ್ಚಿದೆವು. ಸಂಜೆಯ ಹೊತ್ತಿಗೆ, ಮೊದಲ ಸಲ, ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. ಡೀಬಗ್ಗರ್ ಹುಟ್ಟಿತ್ತು. ಅದನ್ನು ಹಬೆಯ ಪ್ರೋಗ್ರಾಮಿಗೆ ಕಟ್ಟಿ ನೋಡಿದರೆ, ಪ್ರೋಗ್ರಾಮಿನಲ್ಲಿ ಒಂದು ತಪ್ಪೂ ಕಾಣಲಿಲ್ಲ.

ಅವರು ಸಂತೋಷಪಡಲಿಲ್ಲ. ಮರೆವು ಉಳಿದಿದ್ದರೆ ಎಲ್ಲಾದರೂ ನಿಂತೇ ನಿಲ್ಲುತ್ತದೆ, ಇನ್ನು ಡೀಬಗ್ಗರ್ ಬೇಡ, ಕಂಪೈಲ್ ಮಾಡುವುದೇ ಪರೀಕ್ಷೆ ಎಂದರು. ಎಲ್ಲ ಅಳಿಸಿ ಮೊದಲಿಂದ ಮಾಡಿಸಿದರು. ಭಾನುವಾರ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಮುಗಿಯಿತು. ಆಮೇಲೆ ಹಚ್ಚಿದ್ದು ಮುಗಿಯಲಿಕ್ಕೆ ಇನ್ನೊಂದಿಷ್ಟೇ ಸಾಲು ಎನ್ನುವಾಗ ಸುಮ್ಮನೆ ನಿಂತಿತು, ಹೊಸದೊಂದು ಜಾಗದಲ್ಲಿ. ನಾನು ಸ್ಪೆಲ್ಲಿಂಗ್ ತಪ್ಪದೆ ಬರೆದುಕೊಂಡೆ.

ಆ ಹೊತ್ತಿಗೆ ಮಾಲೀಕರೇ ಮನೆಗೆ ಬಂದರು, ವಠಾರದವಳೂ ಬಂದಳು. ಮಾಲೀಕರು ಕೂರಲಿಲ್ಲ. "ಮೂರರಲ್ಲಿ ಎರಡು ಸಲ ಪಾಸಾಯ್ತು ಅಂದ್ರೆ ಪಾಸೇ ಅಲ್ವೇನ್ರೀ? ನಿಮ್ಮ ಕಾಲದಲ್ಲಿ ಮೂವತ್ತೈದಕ್ಕೆ ಪಾಸ್ ಮಾಡ್ತಿರ್ಲಿಲ್ವೇ? ಗೂಡು ತೂತು ಬೀಳಕ್ಕೆ ಶುರುವಾಗೈತೆ. ನಾಳೆ ಓಡ್ಸಿ."

ನಮ್ಮವರು ನೆಲ ನೋಡುತ್ತಿದ್ದರು. ಮಾತಾಡಿದವಳು ಅವಳು, ನನ್ನ ಕಡೆ ತಿರುಗಿ, ಮೆಲ್ಲಗೆ:

"ಅಕ್ಕಾ, ಆ ಮೂರ್ನೆ ಸಲ ನನ್ ಕೈ ಒಳಗಿರ್ತದೋ, ಹೊರಗಿರ್ತದೋ? ಅದನ್ನ ಬಗ್ಗಡ ಹೇಳ್ತದಾ?"

ಮಾಲೀಕರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಸೋಮವಾರ ಊಟದ ಡಬ್ಬಿಯ ನೆಪ ಮಾಡಿಕೊಂಡು ನಾನೂ ಫ್ಯಾಕ್ಟರಿಗೆ ಹೋದೆ. ಪೆಟ್ಟಿಗೆ ತನ್ನ ಜಾಗದಲ್ಲಿ ಕೂತಿತ್ತು, ಆದರೆ ಅದರಿಂದ ಹಬೆಯ ವಾಲ್ವಿಗೆ ಹೋಗುವ ವೈರನ್ನು ನಮ್ಮವರು ಕಿತ್ತಿದ್ದರು. ಬದಲಿಗೆ ಕೈಯಲ್ಲಿ ತಿರುಗಿಸುವ ಕಬ್ಬಿಣದ ಚಕ್ರ ಹಾಕಿ, ಅದರ ಹತ್ತಿರ ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು. ಮಾಲೀಕರು ಬಂದು ನೋಡಿ ಕೆಂಪಾದರು. ನಮ್ಮವರು ವೈರಿನ ತುದಿಯನ್ನು ಅವರ ಮುಂದೆ ಹಿಡಿದು, "ನನ್ನ ಕೈಯಿಂದ ಆಗಲ್ಲ ಸಾರ್. ಬೇಕಾದ್ರೆ ನೀವೇ ಜೋಡಿಸಿ," ಎಂದರು. ಮಾಲೀಕರು ವೈರನ್ನು ತೆಗೆದುಕೊಂಡರು. ವಾಲ್ವಿನ ಕಡೆ ನೋಡಿದರು, ತೊಟ್ಟಿಯ ಮುಂದೆ ನಿಂತವಳ ಕೈಯ ಬೊಬ್ಬೆಗಳ ಕಡೆ ನೋಡಿದರು. ಆಮೇಲೆ ವೈರನ್ನು ಪೆಟ್ಟಿಗೆಯ ಮೇಲೆಸೆದು ಆಫೀಸಿಗೆ ಹೋದರು.

ಕೆಲಸ ಶುರುವಾಯಿತು. ತೊಟ್ಟಿಯ ಪಕ್ಕದಲ್ಲೇ ಬಿಸಿನೀರಿನ ಬೋಗುಣಿಗಳಲ್ಲಿ ಕೈಯಿಟ್ಟು ನೂಲಿನ ಎಳೆ ಹುಡುಕುವ ಹೆಂಗಸರ ಸಾಲು. "ಬುಡ್ತೀನೀ," ಎಂದು ಚಕ್ರದ ಹತ್ತಿರದವಳು ಕೂಗುವಳು, ವಠಾರದವಳು ಕೈ ಎತ್ತುವಳು, ಹಬೆ ಬರುವುದು, "ನಿಲ್ಸ್ದೇ," ಎಂದ ಮೇಲೆ ಮತ್ತೆ ಕೈ ಇಳಿಸುವಳು. ನಾನು ನೋಡುತ್ತ ನಿಂತಿದ್ದಾಗ ಮೇಲಿನ ಯಾವುದೋ ಪೈಪು ತಾನಾಗಿ ಒಮ್ಮೆ ಉಸ್ಸೆಂದಿತು. ಯಾರೂ ಕೂಗಿರಲಿಲ್ಲ. ಚಕ್ರ ಅಲುಗಿರಲಿಲ್ಲ. ಅವಳೊಬ್ಬಳೇ ಅಲ್ಲ, ಆ ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ನೀರಿನಿಂದ ಕೈ ಮೇಲೆತ್ತಿ, ಹಾಗೇ ಹಿಡಿದುಕೊಂಡು ನಿಂತರು.