ಅಜ್ಜಿಯ ಪಕ್ಕದ ಜಾಗ

ಟೈಲರ್ ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ನನ್ನ ಸೋದರಮಾವನ ಕೊರಳಿನಿಂದ ಅಳತೆಯ ಟೇಪು ಇಳಿದಿರಲಿಲ್ಲ. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಸ್ಮಶಾನಕ್ಕೆ ಹೋಗಿ, ಅಜ್ಜಿಯ ಸಮಾಧಿಯ ಪಕ್ಕ ಉಳಿದಿದ್ದ ಒಂದೇ ಒಂದು ಜಾಗವನ್ನು ಅಳೆಯುತ್ತಿದ್ದ. ಸಂಶಯ ಬಂದರೆ ಅಲ್ಲೇ ಅಂಗಾತ ಮಲಗಿಯೂ ನೋಡುತ್ತಿದ್ದ. ಆಮೇಲೆ ನೇರವಾಗಿ ನಮ್ಮ ಮನೆಗೆ ಬಂದು, ಕಾಫಿ ಕುಡಿಯುತ್ತಲೇ ಅಮ್ಮನ ಜೊತೆ ಜಗಳ ತೆಗೆಯುತ್ತಿದ್ದ. "ಹಿರೀ ಮಗ ನಾನು, ಆ ಜಾಗ ನಂದು." "ಕೊನೇವರೆಗೂ ಅಮ್ಮನ್ನ ನೋಡ್ಕೊಂಡೋಳು ನಾನು. ರಸೀದೀನೂ ನನ್ನ ಹೆಸರಲ್ಲೇ ಇದೆ, ಅಣ್ಣ!" ಸಾಯುವುದಕ್ಕೆ ಇಬ್ಬರಿಗೂ ಇರುವ ಅವಸರ ಕಂಡು ನಮಗೆಲ್ಲ ನಗು. ಒಮ್ಮೆ ನಾನೇ ರೇಗಿ, "ಬೇರೆ ಜಾಗ ಸಿಗಲ್ವಾ ಮಾವ?" ಎಂದೆ. ಅವನು ದನಿ ತಗ್ಗಿಸಿ, "ಚಿಕ್ಕಂದಿನಲ್ಲಿ ಅಮ್ಮ ಗೋಡೆ ಪಕ್ಕ ಮಲಗ್ತಿದ್ಲು. ಈ ಕಡೆ ಜಾಗ ನಂದು ಕಣೋ, ನಿಮ್ಮಮ್ಮ ಹುಟ್ಟೋವರೆಗೂ" ಎಂದ. ಒಳಗಿದ್ದ ಅಮ್ಮನಿಗೂ ಅದು ಕೇಳಿಸಿತು. ಮರುದಿನವೇ ಅವಳು ಸ್ಮಶಾನದ ಕಚೇರಿಗೆ ಹೋಗಿ ಜಾಗವನ್ನು ಅವನ ಹೆಸರಿಗೆ ಬರೆದುಕೊಟ್ಟಳು. ಮಾವ ಈಗ ಅಲ್ಲೇ ಮಲಗಿದ್ದಾನೆ. ಹೋದಾಗಲೆಲ್ಲ ಅಮ್ಮ ಕಳೆ ಕಿತ್ತು, ಕಲ್ಲು ಒರೆಸಿ, "ಸ್ವಲ್ಪ ಸರಿದು ಮಲ್ಕೋ ಅಣ್ಣ, ಅಮ್ಮಂಗೆ ಇಕ್ಕಟ್ಟಾಗುತ್ತೆ" ಎನ್ನುತ್ತಾಳೆ.