ಹುಣಸೂರಿಗೆ ಬಂದ ಮೇವಿನ ಪಾಸು

ಅಮ್ಮ ಹಸುವಿನೊಡನೆ ಹುಣಸೂರಿಗೆ ಬಂದದ್ದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗುವ ಮುನ್ನವೋ ಅನಂತರವೋ ಎಂಬುದನ್ನು ನಾನು ಇಂದಿಗೂ ನಿರ್ಧರಿಸಲಾರೆ. ನನ್ನಲ್ಲಿ ಉಳಿದಿರುವ ಮೇವಿನ ಪಾಸಿನ ಮೇಲೆ ಅಚ್ಚಾಗಿರುವುದು ‘ಮೈಸೂರು ರಾಜ್ಯ’. ಆದರೆ ಹಳೆಯ ನಮೂನೆಗಳು ಮುಗಿಯುವವರೆಗೂ ಕಚೇರಿಗಳು ಅವನ್ನೇ ಬಳಸುತ್ತಿದ್ದುದರಿಂದ ಅದು ಸಾಕ್ಷ್ಯವಾಗದು.

ನಾನು ಆಗ ಹುಣಸೂರಿನಲ್ಲಿ ಹೊಸ ಅಧ್ಯಾಪಕ. ಬಾಡಿಗೆ ಮನೆಗೆ ಹಿತ್ತಿಲಿತ್ತು, ಹಿತ್ತಿಲಲ್ಲಿ ಬಾವಿಯಿತ್ತು. ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನಂಚಿನ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದ ಅಮ್ಮ ನನ್ನಲ್ಲಿಗೆ ಬರಲು ಒಂದೇ ಷರತ್ತು ಹಾಕಿದ್ದಳು: ಗಬ್ಬದ ಹಸುವೂ ಬರಬೇಕು. ಹಸುವಿಗೆ ಪಟ್ಟಣದಲ್ಲಿ ಜಾಗವಿಲ್ಲವೆಂದರೆ ತಾನೂ ಅಲ್ಲೇ.

ನಿಯಮ ನೋಡದೆ ಏನನ್ನೂ ಮಾಡದ ನಾನು ಪುರಸಭೆಗೆ ಹೋದೆ. “ಒಂದೇ ಹಸು, ಮನೆ ಬಳಕೆಗೆ ಅಂದ್ರೆ ಲೈಸೆನ್ಸ್ ಯಾಕ್ರೀ? ಹಾಲು ಮಾರಿದ್ರೆ ಮಾತ್ರ,” ಎಂದರು ಗುಮಾಸ್ತರು. ಮರುವಾರ ಆರೋಗ್ಯ ನಿರೀಕ್ಷಕರು, “ಬಾವಿ ಪಕ್ಕ ಕೊಟ್ಟಿಗೆ ಅಂದ್ಮೇಲೆ ಒಂದಾದ್ರೇನು ಹತ್ತಾದ್ರೇನು, ಅಪ್ಪಣೆ ಬೇಕು,” ಎಂದರು. ಅಪ್ಪಣೆ ಕೊಡುವವರು ಯಾರೆಂದು ಕೇಳಿದೆ. ಅವರು ಗುಮಾಸ್ತರ ಕಡೆ ಕೈ ತೋರಿಸಿದರು. ಇಬ್ಬರ ಮಾತನ್ನೂ ಡೈರಿಯಲ್ಲಿ ಎದುರುಬದುರು ಬರೆದುಕೊಂಡು, ಒಂದು ಅರ್ಜಿ ಕೊಟ್ಟು, ಇತ್ಯರ್ಥವಾಗುವವರೆಗೆ ಹೊರಡಬೇಡವೆಂದು ಅಮ್ಮನಿಗೆ ಕಾಗದ ಹಾಕಿದೆ.

ಕಾಗದ ತಲುಪುವಷ್ಟರಲ್ಲಿ ಹಸು ಹೊರಟಾಗಿತ್ತು. ಊರಿನ ದನಗಳನ್ನು ಕಾಡಿನಲ್ಲಿ ಮೇಯಿಸುತ್ತಿದ್ದ, ಕಾಡುಜನರ ಹಾಡಿಯ ಹಿರಿಯರೊಬ್ಬರು ಅದನ್ನು ಹೆಗ್ಗಡದೇವನಕೋಟೆಯ ಮಾರ್ಗವಾಗಿ ಮೂರು ದಿನ ಮೆಲ್ಲಗೆ ನಡೆಸಿಕೊಂಡು ಬಂದರು. ಅವರು ಬಂದು ಸೇರಿದ ಮಧ್ಯಾಹ್ನವೇ ಅಮ್ಮ ಬಸ್ಸಿಳಿದಳು. ಹಸುವಿನ ಕೊರಳಲ್ಲಿ ನಶ್ಯದ ಡಬ್ಬಿ, ಅದರೊಳಗೆ ದನವನ್ನು ಕಾಡಿನಲ್ಲಿ ಮೇಯಿಸಲು ಅರಣ್ಯ ಇಲಾಖೆ ಕೊಡುವ ಮೇವಿನ ಪಾಸು. ಆ ಊರಿನಲ್ಲಿ ದನವನ್ನು ತಡೆಯುವ ಅಧಿಕಾರವಿದ್ದುದು ಫಾರೆಸ್ಟ್ ಗಾರ್ಡಿಗೆ ಮಾತ್ರ. ಅವನೇ ಒಪ್ಪಿದ ಹಸುವನ್ನು ಇನ್ನಾರು ತಡೆದಾರು ಎಂಬುದು ಅಮ್ಮನ ತಿಳಿವಳಿಕೆ.

ಮರುದಿನ ನಿರೀಕ್ಷಕರು ಬಂದರು. ಅಮ್ಮ ಪಾಸನ್ನು ಕೊಟ್ಟಳು. ಅವರು ಎರಡೂ ಬದಿ ಓದಿದರು.

“ಇದು ಕಾಡಿಂದು ಕಣಮ್ಮ. ಇಲ್ಲಿ ಕಾಡೆಲ್ಲೈತೆ?”

“ಕಾಡಿಲ್ದಿದ್ರೂ ಹಸು ಅದೇ ಅಲ್ವೇ ಸ್ವಾಮಿ,” ಎಂದಳು ಅಮ್ಮ.

ಬಾವಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು, “ಗಾರ್ಡಪ್ಪ ಒಂದಿನಾನೂ ಇಷ್ಟೊತ್ತು ಓದಿಲ್ಲ ಬುಡಿ,” ಎಂದರು.

ನಿರೀಕ್ಷಕರು ನಕ್ಕು, ಪಾಸಿನ ಹಿಂಬದಿಯಲ್ಲಿ ‘ನೋಡಿದೆ’ ಎಂದು ಬರೆದು, ರುಜು ಮಾಡಿ, ತಾರೀಖು ಹಾಕಿದರು. “ಬಾವಿಯಿಂದ ದೂರ ಕಟ್ಟಿ.”

“ಹಾಗಾದರೆ ಇದು ಅಪ್ಪಣೆಯೇ?” ಎಂದು ಕೇಳಿದೆ.

“ನೋಡಿದೆ ಅಂತ ಬರ್ದಿದೀನಲ್ರೀ ಮೇಷ್ಟ್ರೇ,” ಎನ್ನುತ್ತ ಸೈಕಲ್ ಹತ್ತಿದರು.

ನನ್ನ ಅರ್ಜಿಗೆ ಉತ್ತರ ಬರಲಿಲ್ಲ. ಹಸು ಅದೇ ವಾರ ಹಿತ್ತಿಲ ಮೂಲೆಯಲ್ಲಿ ಕರು ಹಾಕಿತು. ಅಮ್ಮ ಟ್ರಂಕು ಬಿಚ್ಚಿ ಸೀರೆಗಳನ್ನು ಗೂಡಿಗೆ ಜೋಡಿಸಿದ್ದು ಅಂದೇ.

ಆಮೇಲೆ ತಾರೀಖುಗಳನ್ನು ತಾಳೆ ನೋಡಿದೆ. ನಿರೀಕ್ಷಕರ ರುಜುವಿನ ಕೆಳಗಿದ್ದುದು ನನ್ನ ಅರ್ಜಿಯ ಸ್ವೀಕೃತಿಗಿಂತ ಹಿಂದಿನ ತಾರೀಖು; ಒಂದು ರಾಜ್ಯದ ಹೆಸರು ಬದಲಾಗುವ ಮೊದಲಿನದು, ಇನ್ನೊಂದು ಅನಂತರದ್ದು. ಕಡತವನ್ನು ನಂಬುವುದಾದರೆ ನಾನು ಕೇಳುವ ಮೊದಲೇ ಹಸು ಪಟ್ಟಣದಲ್ಲಿತ್ತು. ತಪ್ಪು ಅವರದೋ ಸ್ವೀಕೃತಿ ಬರೆದ ಗುಮಾಸ್ತರದೋ ತಿಳಿಯದೆ ಅಮ್ಮನಿಗೆ ತೋರಿಸಿದೆ.

“ಮೊದ್ಲೇ ಬಂದಿತ್ತು ಅಂತ ತಾನೇ? ಇರ್ಲಿ ಬುಡು,” ಎಂದವಳೇ ಪಾಸನ್ನು ಮಡಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಈ ಸಲ ಕರುವಿನ ಕೊರಳಿಗೆ ಕಟ್ಟಿದಳು. ಅದು ಕರುವಿಗೂ ಅನ್ವಯಿಸುವುದೇ ಎಂದು ನಾನು ಯಾರನ್ನೂ ಕೇಳಲು ಹೋಗಲಿಲ್ಲ.